ಶಾಲೆಯ ಪರಿಸರ ವಿಜ್ಞಾನ ಪಾಠ ಮತ್ತು ಸರ್ಕಾರದ ನೀತಿ: ಕರಾವಳಿಯ ವಿಜ್ಞಾನ ಸಂಘಗಳಿಗೊಂದು ಕೈಪಿಡಿ

ಪ್ರತಿ ವರ್ಷ ಜೂನ್ 5ರ ಆಸುಪಾಸಿನಲ್ಲಿ, ಶಾಲೆಗಳಲ್ಲಿ ಪರಿಸರ ಶಿಕ್ಷಣವನ್ನು ಬಲಪಡಿಸಬೇಕೆಂದು ಕೋರಿ ಸಚಿವರಿಗೋ ಜಿಲ್ಲಾಧಿಕಾರಿಗಳಿಗೋ ಮನವಿ ಸಲ್ಲಿಸುವುದು ಅನೇಕ ವಿಜ್ಞಾನ ಸಂಘಗಳ ರೂಢಿ. ಆ ಮನವಿಯನ್ನು ಯಾರೂ ತಿರಸ್ಕರಿಸುವುದಿಲ್ಲ. ಅದರಿಂದ ಏನೂ ಆಗುವುದೂ ಇಲ್ಲ. ಕಾಗದದ ಮೇಲೆ ಈಗಾಗಲೇ ಇರುವುದನ್ನೇ ಅದು ಕೇಳುತ್ತದೆ ಎಂಬುದೇ ಇದಕ್ಕೆ ಕಾರಣ. ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದೇ ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ನಿರ್ದೇಶಿಸಿತ್ತು. ಪಾಲನೆ ಸಾಲದೆಂದು ಕಂಡು 2003ರ ಡಿಸೆಂಬರ್‌ನಲ್ಲಿ ಪಠ್ಯಕ್ರಮ ಸಿದ್ಧಪಡಿಸುವಂತೆ ಕೇಂದ್ರದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಾದ ಎನ್‌ಸಿಇಆರ್‌ಟಿಗೆ ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಪರಿಸರ ಪ್ರಜ್ಞೆಯ ಮಾತಿದೆ. ಆದ್ದರಿಂದ ನೀತಿಯ ಮೇಲೆ ಪ್ರಭಾವ ಬೀರಬಯಸುವ ಸಂಘವು ಮೊದಲು ಕಂಡುಕೊಳ್ಳಬೇಕಾದುದು ಮೂರು ಸಂಗತಿ: ಯಾವ ತರಗತಿಯ ಯಾವ ಕಾಗದದಲ್ಲಿ ಯಾವ ಸಾಲು ಬದಲಾಗಬೇಕು, ಆ ಸಾಲನ್ನು ಬರೆಯುವವರು ಯಾರು, ಮತ್ತು ಅವರು ಅದನ್ನು ಯಾವಾಗ ಬರೆಯುತ್ತಾರೆ. ಮಂಗಳೂರು ಅಥವಾ ಉಡುಪಿಯಲ್ಲಿ ಕಾಲೇಜು ಅಧ್ಯಾಪಕರು, ನಿವೃತ್ತ ವಿಜ್ಞಾನಿಗಳು, ಕೆಲವು ಶಾಲಾ ಶಿಕ್ಷಕರು ಸೇರಿ ನಡೆಸುವ, ಸಂಬಳದ ಸಿಬ್ಬಂದಿಯಿಲ್ಲದ ಸಂಘವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತುಗಳನ್ನು ಬರೆಯಲಾಗಿದೆ.

ಯಾವ ನಿರ್ಧಾರ ಯಾರದು

1976ರ 42ನೇ ತಿದ್ದುಪಡಿಯು ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ತಂದಿತು. ಪರಿಸರ ರಕ್ಷಣೆಯನ್ನು ಸಂವಿಧಾನದೊಳಗೆ ಸೇರಿಸಿದ್ದೂ ಅದೇ ತಿದ್ದುಪಡಿ. ಅಂದಿನಿಂದ ಪಠ್ಯದ ವಿಷಯದಲ್ಲಿ ದೆಹಲಿ ಮತ್ತು ಬೆಂಗಳೂರು ಎರಡಕ್ಕೂ ಮಾತಿದೆ. ಪಠ್ಯಕ್ರಮದ ಚೌಕಟ್ಟನ್ನು ಎನ್‌ಸಿಇಆರ್‌ಟಿ ರೂಪಿಸುತ್ತದೆ. ರಾಜ್ಯದಲ್ಲಿ ಪಠ್ಯಕ್ರಮ ಮತ್ತು ಶಿಕ್ಷಕರ ತರಬೇತಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ, ಅಂದರೆ ಡಿಎಸ್‌ಇಆರ್‌ಟಿಯ ಕೆಲಸ. ಪುಸ್ತಕ ಕರ್ನಾಟಕ ಪಠ್ಯಪುಸ್ತಕ ಸಂಘದ್ದು. ಎಸ್‌ಎಸ್‌ಎಲ್‌ಸಿ ಮತ್ತು ಪಿಯು ಪ್ರಶ್ನೆಪತ್ರಿಕೆಯ ನೀಲನಕ್ಷೆ (ಯಾವ ಪಾಠಕ್ಕೆ, ಯಾವ ಬಗೆಯ ಪ್ರಶ್ನೆಗೆ ಎಷ್ಟು ಅಂಕ ಎಂಬ ಹಂಚಿಕೆ) ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯದ್ದು. ಜಿಲ್ಲೆಯಲ್ಲಿ ಸುತ್ತೋಲೆ ಹೊರಡುವುದು ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ, ಅಂದರೆ ಡಿಡಿಪಿಐ ಕಚೇರಿಯಿಂದ. ತರಬೇತಿ ನಡೆಯುವುದು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ, ಅಂದರೆ ಡಯಟ್‌ನಲ್ಲಿ.

ಈ ಹಂಚಿಕೆಯನ್ನು ಅರಿಯದೆ ಬರೆದ ಪತ್ರ ತಪ್ಪು ವಿಳಾಸಕ್ಕೆ ಹೋಗುತ್ತದೆ. ನಮ್ಮ ಪ್ರೌಢಶಾಲೆಯ ವಿಜ್ಞಾನ ಪುಸ್ತಕವೂ ಪಿಯು ಜೀವವಿಜ್ಞಾನ ಪುಸ್ತಕವೂ ಎನ್‌ಸಿಇಆರ್‌ಟಿ ಪಠ್ಯವನ್ನೇ ಅನುಸರಿಸುವುದರಿಂದ, ಹತ್ತನೆಯ ತರಗತಿಯ ‘ನಮ್ಮ ಪರಿಸರ’ ಅಧ್ಯಾಯದಲ್ಲಿ ಕರಾವಳಿಯ ಉದಾಹರಣೆ ಸೇರಿಸಿ ಎಂದು ಬೆಂಗಳೂರಿಗೆ ಬರೆದರೆ, ಅದು ತಮ್ಮ ವ್ಯಾಪ್ತಿಯಲ್ಲಿಲ್ಲ ಎಂಬ ಉತ್ತರ ನ್ಯಾಯವಾಗಿಯೇ ಬರುತ್ತದೆ. ಕಿರಿಯ ಪ್ರಾಥಮಿಕದ ಪರಿಸರ ಅಧ್ಯಯನದ ಪುಸ್ತಕ, ನಲಿ-ಕಲಿಯ ಸಾಮಗ್ರಿ, ಶಿಕ್ಷಕರ ತರಬೇತಿ, ಮೌಲ್ಯಮಾಪನ ಇವು ರಾಜ್ಯದವು. ಅಲ್ಲಿ ಕೇಳಿದ್ದಕ್ಕೆ ಫಲವಿದೆ. ನಮ್ಮ ಎರಡು ಜಿಲ್ಲೆಗಳಲ್ಲಿ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಸಾಕಷ್ಟಿವೆ, ಅವುಗಳ ದಾರಿಯೇ ಬೇರೆ. ಎರಡನ್ನೂ ಒಂದೇ ಮನವಿಯಲ್ಲಿ ಹೊಲಿಯಬಾರದು.

ಏನನ್ನು ಕೇಳಬೇಕು

ಇಲ್ಲಿಯೇ ಹೆಚ್ಚಿನ ಸಂಘಗಳು ಎಡವುತ್ತವೆ ಎಂದು ನನಗನ್ನಿಸುತ್ತದೆ. ಶಾಲೆಗಳಲ್ಲಿ ಪರಿಸರದ ಹೆಸರಿನಲ್ಲಿ ನಡೆಯುವುದರಲ್ಲಿ ಬಹುಪಾಲು ಸ್ವಚ್ಛತೆ, ಪ್ಲಾಸ್ಟಿಕ್ ಹೆಕ್ಕುವುದು, ಘೋಷಣೆ ಮತ್ತು ಜುಲೈ ಮೊದಲ ವಾರದ ವನಮಹೋತ್ಸವ. ಇವು ಒಳ್ಳೆಯ ಕೆಲಸಗಳೇ. ಆದರೆ ಜೀವಿಗಳು ಪರಸ್ಪರ ಮತ್ತು ತಮ್ಮ ಸುತ್ತಲಿನ ನೀರು, ಮಣ್ಣು, ಬೆಳಕುಗಳೊಂದಿಗೆ ಹೇಗೆ ಹೆಣೆದುಕೊಂಡಿವೆ ಎಂದು ವಿವರಿಸುವ ವಿಜ್ಞಾನವನ್ನು ಇವು ಕಲಿಸುವುದಿಲ್ಲ. ಕೆಲವೊಮ್ಮೆ ಅದಕ್ಕೆ ವಿರುದ್ಧವಾದುದನ್ನೂ ಕಲಿಸುತ್ತವೆ. ಮಣಿಪಾಲ, ಕೊಣಾಜೆ, ಬಜಪೆಗಳ ಮುರಕಲ್ಲಿನ ಪದವುಗಳನ್ನು, ಅಂದರೆ ಎತ್ತರದ ಬಯಲುಗಳನ್ನು ಗಮನಿಸಿ. ಬೇಸಿಗೆಯಲ್ಲಿ ಬೋಳು ಬಂಡೆಯಂತೆ ಕಾಣುವ ಆ ನೆಲದಲ್ಲಿ ಮಳೆ ಬಿದ್ದೊಡನೆ ಕೀಟಾಹಾರಿ ಸಸ್ಯಗಳೂ ಬಗೆಬಗೆಯ ಹುಲ್ಲುಗಳೂ ಏಳುತ್ತವೆ, ತಾತ್ಕಾಲಿಕ ಹೊಂಡಗಳಲ್ಲಿ ಕಪ್ಪೆಗಳು ಮೊಟ್ಟೆಯಿಡುತ್ತವೆ, ಬಯಲಿನಲ್ಲೇ ಗೂಡು ಮಾಡುವ ಟಿಟ್ಟಿಭಕ್ಕೆ ಅದು ಮನೆ. ಆ ನೆಲವನ್ನು ‘ಪಾಳು’ ಎಂದು ಕರೆದು ಅಕೇಶಿಯಾ ಸಸಿ ನೆಡಿಸಿದರೆ, ಮರವಿದ್ದಲ್ಲಿ ಮಾತ್ರ ಪರಿಸರವಿದೆ ಎಂಬ ತಪ್ಪು ತಿಳಿವಳಿಕೆಯನ್ನು ನಾವೇ ಮಕ್ಕಳ ತಲೆಯಲ್ಲಿ ನೆಟ್ಟಂತಾಗುತ್ತದೆ. ವಿಜ್ಞಾನ ಸಂಘವೊಂದು ಹೇಳಬೇಕಾದ, ಬೇರೆ ಯಾರೂ ಹೇಳಲಾರದ ಮಾತು ಇದು.

ಹೊರಗೆ ಹೋಗಿ ಮಾತಾಡುವ ಮೊದಲು ಸಂಘದೊಳಗೆ ಒಮ್ಮತ ಬೇಕು. ಸಸ್ಯಶಾಸ್ತ್ರದವರು ಪ್ರಭೇದಗಳ ಹೆಸರು ಮುಖ್ಯವೆನ್ನುತ್ತಾರೆ, ಮೀನುಗಾರಿಕೆಯವರು ಸಂತತಿಯ (ಒಂದೆಡೆ ಇರುವ ಒಂದೇ ಪ್ರಭೇದದ ಜೀವಿಗಳ ಸಂಖ್ಯೆಯ) ಏರಿಳಿತ ಮುಖ್ಯವೆನ್ನುತ್ತಾರೆ, ಹವಾಮಾನ ಬದಲಾವಣೆಯೇ ಎಲ್ಲಕ್ಕಿಂತ ಮೊದಲೆನ್ನುವವರೂ ಇರುತ್ತಾರೆ. 1915ರಲ್ಲಿ ಸ್ಥಾಪನೆಯಾದ ಅಮೆರಿಕದ ಪರಿಸರ ವಿಜ್ಞಾನಿಗಳ ಸಂಘವೂ ತನ್ನ ವಿಷಯದಲ್ಲಿ ಏನನ್ನು ಕಲಿಸಬೇಕೆಂಬ ಚೌಕಟ್ಟಿಗೆ ಔಪಚಾರಿಕ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಮೂಲ ಪರಿಕಲ್ಪನೆಗಳು, ವಿಜ್ಞಾನದ ಕಾರ್ಯವಿಧಾನ, ಮನುಷ್ಯ–ಪರಿಸರ ಸಂಬಂಧ, ಎಲ್ಲವನ್ನೂ ಹಾಯ್ದುಹೋಗುವ ವಿಚಾರಗಳು ಎಂಬ ಅದರ ನಾಲ್ಕು ಆಯಾಮಗಳು ಪದವಿ ತರಗತಿಗಳನ್ನು ಉದ್ದೇಶಿಸಿದವು. ಅವನ್ನು ನಮ್ಮ ಏಳನೆಯ ತರಗತಿಗೆ ಇಳಿಸಬೇಕಾಗಿಲ್ಲ. ಮೊದಲು ತಮ್ಮೊಳಗೆ ಒಪ್ಪಂದಕ್ಕೆ ಬಂದು ಆಮೇಲೆ ಹೊರಗೆ ಮಾತಾಡಿದ ಕ್ರಮ ಮಾತ್ರ ಅನುಕರಣೀಯ. ಶಾಲೆ ಬಿಡುವ ಮಗುವಿಗೆ ತಿಳಿದಿರಲೇಬೇಕಾದ ನಾಲ್ಕೈದು ವಿಚಾರಗಳನ್ನು ಎರಡು ಪುಟದೊಳಗೆ, ಶಿಕ್ಷಕರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಸರ್ವಸದಸ್ಯರ ಸಭೆಯಲ್ಲಿ ಅಂಗೀಕರಿಸಿಕೊಂಡರೆ ಅದು ಸಂಘದ ನಿಲುವಾಗುತ್ತದೆ.

ಸೇರಿಸಬೇಕೆನ್ನುವ ಪ್ರತಿಯೊಂದಕ್ಕೂ ಯಾವುದನ್ನು ಬಿಡಬಹುದು, ಅಥವಾ ಈಗಿರುವ ಯಾವ ಅವಧಿಯೊಳಗೆ ಅದು ಹಿಡಿಸುತ್ತದೆ ಎಂಬುದನ್ನೂ ನಿಲುವಿನಲ್ಲಿ ಬರೆಯಬೇಕು. ಅಧಿಕಾರಿಗಳ ಮೊದಲ ಆಕ್ಷೇಪ ‘ಹೊರೆ’ ಎಂಬುದೇ ಆಗಿರುತ್ತದೆ, ಮತ್ತು ಆ ಆಕ್ಷೇಪದಲ್ಲಿ ಹುರುಳಿದೆ.

ಆಧಾರವನ್ನು ಕಲೆಹಾಕುವ ಬಗೆ

‘ಈಗಿನ ಮಕ್ಕಳಿಗೆ ಪರಿಸರದ ಅರಿವಿಲ್ಲ’ ಎಂಬ ಮಾತು ಆಧಾರವಲ್ಲ. ಹಿಂದಿನ ಕೆಲವು ವರ್ಷಗಳ ಎಸ್‌ಎಸ್‌ಎಲ್‌ಸಿ ವಿಜ್ಞಾನ ಪ್ರಶ್ನೆಪತ್ರಿಕೆಗಳನ್ನು ತೆಗೆದುಕೊಂಡು, ಪರಿಸರ ವಿಜ್ಞಾನಕ್ಕೆ ಎಷ್ಟು ಅಂಕ ಬಂದಿದೆ, ಅದರಲ್ಲಿ ವ್ಯಾಖ್ಯೆ ಒಪ್ಪಿಸಿದರೆ ಸಾಕಾಗುವ ಪ್ರಶ್ನೆ ಎಷ್ಟು, ದತ್ತಾಂಶ ಓದಿ ಕಾರಣ ಹೇಳಬೇಕಾದ ಪ್ರಶ್ನೆ ಎಷ್ಟು ಎಂದು ವಿಂಗಡಿಸಿದರೆ ಅದು ಆಧಾರ. ಇದಕ್ಕೆ ಯಾರ ಅನುಮತಿಯೂ ಬೇಡ, ಹಣವೂ ಬೇಡ. ಬೇರೆ ಬೇರೆ ಸದಸ್ಯರು ಒಂದೇ ಪತ್ರಿಕೆಯನ್ನು ಪ್ರತ್ಯೇಕವಾಗಿ ವಿಂಗಡಿಸಿ ಆಮೇಲೆ ಹೋಲಿಸಿ ನೋಡಿದರೆ ಪಕ್ಷಪಾತದ ಆರೋಪಕ್ಕೆ ಎಡೆಯಿರುವುದಿಲ್ಲ. ಜಿಲ್ಲೆಯಲ್ಲಿ ನಡೆದ ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ಈ ವಿಷಯಕ್ಕೆ ಎಷ್ಟು ಗಂಟೆ ಸಂದಿದೆ ಎಂಬಂಥ ಮಾಹಿತಿಯನ್ನು ಮೊದಲು ಬಾಯಿಮಾತಿನಲ್ಲಿ, ಸೌಜನ್ಯದಿಂದ ಕೇಳಬೇಕು. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕ, 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ. ಆದರೆ ಮುಂದೆ ಜತೆಗೂಡಿ ಕೆಲಸ ಮಾಡಬೇಕಾದ ಕಚೇರಿಗೆ ಮೊದಲ ಭೇಟಿಯಲ್ಲೇ ಮಾಹಿತಿ ಹಕ್ಕಿನ ಅರ್ಜಿ ಹಾಕುವುದು ಜಾಣತನವಲ್ಲ.

ಶಿಕ್ಷಕರ ಕಷ್ಟವನ್ನು ಕೇಳದೆ ಸಿದ್ಧಪಡಿಸಿದ ವರದಿಗೆ ಬೆಲೆಯಿಲ್ಲ. ಸರ್ಕಾರಿ ಪ್ರೌಢಶಾಲೆಯಲ್ಲಿ ಜೀವವಿಜ್ಞಾನವನ್ನು ನೋಡಿಕೊಳ್ಳುವುದು ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರು. ಆ ಹುದ್ದೆ ಖಾಲಿಯಿದ್ದರೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರು ಆಹಾರ ಸರಪಳಿಯನ್ನು ಪುಸ್ತಕದಿಂದಲೇ ಓದಿಸಬೇಕಾಗುತ್ತದೆ. ಇನ್ನೊಂದು ಕಷ್ಟ ನಮ್ಮ ಮಳೆಯದು. ಶಾಲೆ ತೆರೆಯುವ ಜೂನ್‌ನಲ್ಲೇ ಕರಾವಳಿಯ ಜೀವಲೋಕ ಅತ್ಯಂತ ಚಟುವಟಿಕೆಯಲ್ಲಿರುತ್ತದೆ, ಆದರೆ ಆಗಲೇ ಜಿಲ್ಲಾಧಿಕಾರಿಗಳು ಮಳೆ ರಜೆ ಸಾರಬೇಕಾಗುತ್ತದೆ, ತೋಡು ತುಂಬಿ ಹರಿಯುವಾಗ ಮಕ್ಕಳನ್ನು ಹೊರಗೆ ಕರೆದೊಯ್ಯಲು ಯಾವ ಮುಖ್ಯೋಪಾಧ್ಯಾಯರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಹಾಗಾಗಿ ಕ್ಷೇತ್ರಾಧ್ಯಯನವನ್ನು ಕಡ್ಡಾಯಗೊಳಿಸಿ ಎಂಬ ಬೇಡಿಕೆಗಿಂತ, ಶಾಲೆಯ ಆವರಣದೊಳಗಿನ ಒಂದು ಚದರ ಮೀಟರ್ ನೆಲವನ್ನು ಜೂನ್‌ನಿಂದ ಫೆಬ್ರುವರಿಯವರೆಗೆ ಗಮನಿಸಿ ದಾಖಲಿಸುವ ಚಟುವಟಿಕೆಯನ್ನು ವರ್ಷದ ನಡುವೆ ಶಾಲೆಯಲ್ಲೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಒಪ್ಪಿಕೊಳ್ಳಿ ಎಂಬ ಬೇಡಿಕೆ ಈ ಜಿಲ್ಲೆಗಳಲ್ಲಿ ನಡೆಯುವಂಥದ್ದು. ಮಕ್ಕಳಿಂದಲೇ ಮಾಹಿತಿ ಸಂಗ್ರಹಿಸುವುದಾದರೆ ಡಿಡಿಪಿಐ ಅವರ ಲಿಖಿತ ಅನುಮತಿ ಮತ್ತು ಪೋಷಕರ ಒಪ್ಪಿಗೆ ಇಲ್ಲದೆ ಶಾಲೆಯೊಳಗೆ ಕಾಲಿಡಬಾರದು, ಮಕ್ಕಳ ಚಿತ್ರ ತೆಗೆದು ಹಂಚಬಾರದು.

ಪರೀಕ್ಷೆ ಮತ್ತು ತರಬೇತಿ: ನಿಜವಾದ ಹಿಡಿತ ಇಲ್ಲಿದೆ

2024 ಮತ್ತು 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯದ ಮೊದಲೆರಡು ಸ್ಥಾನಗಳು ಉಡುಪಿ ಮತ್ತು ದಕ್ಷಿಣ ಕನ್ನಡಗಳದ್ದೇ ಆಗಿದ್ದವು. ಈ ಹೆಮ್ಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಪ್ರಸ್ತಾವವೂ ಇಲ್ಲಿ ಬದುಕುವುದಿಲ್ಲ. ಫಲಿತಾಂಶಕ್ಕೆ ಅಡ್ಡಿಯಾಗಬಹುದೆಂಬ ಸಣ್ಣ ಅನುಮಾನ ಬಂದರೂ ಮುಖ್ಯೋಪಾಧ್ಯಾಯರು ನಯವಾಗಿ ಜಾರಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಬರುತ್ತದೆಂದು ಗೊತ್ತಾದರೆ ಅದೇ ವಿಷಯವನ್ನು ವಿಶೇಷ ತರಗತಿ ನಡೆಸಿ ಕಲಿಸುತ್ತಾರೆ. ಇದನ್ನು ಹಳಿಯುವ ಬದಲು ಬಳಸಿಕೊಳ್ಳಬೇಕು. ಪುಸ್ತಕದ ಒಂದು ಸಾಲನ್ನೂ ಬದಲಿಸದೆ, ನೀಲನಕ್ಷೆಯಲ್ಲಿ ಪರಿಸರ ವಿಜ್ಞಾನದ ಅಂಕಗಳಲ್ಲಿ ಒಂದು ಪಾಲನ್ನು ಅನ್ವಯದ ಪ್ರಶ್ನೆಗೆ ಮೀಸಲಿಡುವಂತೆ ಮಾಡಿದರೆ, ಹತ್ತು ವಿಚಾರ ಸಂಕಿರಣಗಳು ಮಾಡದ ಬದಲಾವಣೆ ತರಗತಿಯಲ್ಲಿ ಆಗುತ್ತದೆ.

ಆದರೆ ಬರಿಗೈಯಲ್ಲಿ ಹೋಗಿ ‘ಅನ್ವಯದ ಪ್ರಶ್ನೆ ಕೇಳಿ’ ಎನ್ನಬಾರದು. ಮಾದರಿ ಪ್ರಶ್ನೆ, ಮಾದರಿ ಉತ್ತರ, ಅಂಕ ಹಂಚಿಕೆ ಮೂರನ್ನೂ ಸಿದ್ಧಮಾಡಿಕೊಂಡು ಹೋಗಬೇಕು. ಉದಾಹರಣೆಗೆ: ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುತ್ತದೆ, ಆ ತಿಂಗಳುಗಳನ್ನೇ ಆಯ್ದುಕೊಂಡದ್ದಕ್ಕೆ ಮೀನಿನ ಸಂತಾನೋತ್ಪತ್ತಿಯ ನೆಲೆಯಿಂದ ಕಾರಣ ಕೊಡಿ, ನಾಡದೋಣಿಗಳಿಗೆ ವಿನಾಯಿತಿ ಇರುವುದರ ಹಿಂದಿನ ತರ್ಕವನ್ನು ಚರ್ಚಿಸಿ. ಮಲ್ಪೆಯ ಮಗುವಿಗೆ ಇದು ಮನೆಯ ಮಾತು. ಪುಸ್ತಕದ ಸಂತತಿಯ ಪರಿಕಲ್ಪನೆಯೂ ಇದರಲ್ಲಿ ಪೂರ್ತಿಯಾಗಿ ಬರುತ್ತದೆ. ಹಾಗೆಯೇ ಬೈಲು, ಮಜಲು, ಬೆಟ್ಟು ಎಂಬ ಗದ್ದೆಗಳ ವಿಂಗಡಣೆ. ತಗ್ಗಿನ ಬೈಲಿನಲ್ಲಿ ನೀರು ನಿಲ್ಲುವುದರಿಂದ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ ಸಾಧ್ಯ, ಎತ್ತರದ ಬೆಟ್ಟುಗದ್ದೆ ಮಳೆಗಾಲದ ಒಂದೇ ಬೆಳೆಗೆ ಸರಿ. ನೀರು, ಮಣ್ಣಿನಂಥ ಅಜೈವಿಕ ಅಂಶಗಳು ಜೀವಿಗಳ ಹಂಚಿಕೆಯನ್ನು ನಿರ್ಧರಿಸುತ್ತವೆ ಎಂಬ ತತ್ತ್ವಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಹುಡುಕಬೇಕಾಗಿಲ್ಲ. ನೇತ್ರಾವತಿ–ಫಲ್ಗುಣಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಉಪ್ಪು ಮತ್ತು ಸಿಹಿ ನೀರು ಬೆರೆಯುವಲ್ಲಿ ಮರುವಾಯಿ ಚಿಪ್ಪುಜೀವಿ ಬೆಳೆಯುವುದು, ಬೂತಾಯಿ ಮೀನಿನ ಇಳುವರಿ ವರ್ಷದಿಂದ ವರ್ಷಕ್ಕೆ ಏರಿಳಿಯುವುದು, ಇವೆಲ್ಲ ಪ್ರಶ್ನೆಗಳಾಗಬಲ್ಲವು. ರಾಜ್ಯಮಟ್ಟದ ಪರೀಕ್ಷೆಯಲ್ಲಿ ಬೀದರಿನ ಮಗುವೂ ಉತ್ತರಿಸಬೇಕಾಗಿರುವುದರಿಂದ, ಸ್ಥಳೀಯ ಮಾಹಿತಿಯನ್ನು ಪ್ರಶ್ನೆಯೊಳಗೇ ಕೊಟ್ಟು ವಿಶ್ಲೇಷಣೆಯನ್ನಷ್ಟೇ ಕೇಳುವಂತೆ ರಚಿಸಬೇಕೆಂಬುದನ್ನು ಮರೆಯಬಾರದು.

ಒಂದು ಉದಾಹರಣೆಯನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು, 2011ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್ ಅದರ ಮೇಲೆ ದೇಶವ್ಯಾಪಿ ನಿಷೇಧ ಹೇರಿದ್ದು ಕೀಟನಾಶಕದ ಪಾಠಕ್ಕೆ ಬಹಳ ಹತ್ತಿರದ ಸಂಗತಿ. ಆದರೆ ಪುತ್ತೂರು, ಬೆಳ್ತಂಗಡಿ ಕಡೆಯ ತರಗತಿಯಲ್ಲಿ ಸಂತ್ರಸ್ತ ಕುಟುಂಬದ ಮಕ್ಕಳೇ ಕುಳಿತಿರಬಹುದು. ಶಿಕ್ಷಕರ ತರಬೇತಿಯಲ್ಲಿ ಇದನ್ನು ಚರ್ಚಿಸದೆ ನೇರವಾಗಿ ಪ್ರಶ್ನೆಪತ್ರಿಕೆಗೆ ತರುವುದು ಸರಿಯಲ್ಲ.

ತರಬೇತಿಗಾಗಿ ಡಯಟ್‌ನ ಬಾಗಿಲು ತಟ್ಟುವುದು ಸುಲಭ. ಮಂಗಳೂರು ಮತ್ತು ಉಡುಪಿಯ ಡಯಟ್‌ಗಳು ಎರಡು ಬೇರೆ ಸಂಸ್ಥೆಗಳಾದ್ದರಿಂದ ಒಂದರಲ್ಲಿ ಒಪ್ಪಿಗೆಯಾದುದನ್ನು ಇನ್ನೊಂದಕ್ಕೆ ಮಾದರಿಯಾಗಿ ತೋರಿಸಬಹುದು. ಸಂಘವು ಪ್ರತ್ಯೇಕ ಕಾರ್ಯಾಗಾರ ಕೇಳುವ ಬದಲು, ಹೇಗೂ ನಡೆಯಲಿರುವ ವಿಜ್ಞಾನ ತರಬೇತಿಯಲ್ಲಿ ಅರ್ಧ ದಿನ ಕೇಳಬೇಕು. ಸಂಪನ್ಮೂಲ ವ್ಯಕ್ತಿಗಳಿಗೆ ನಮ್ಮಲ್ಲಿ ಬರವಿಲ್ಲ: ಮಂಗಳೂರು ವಿಶ್ವವಿದ್ಯಾನಿಲಯ, ಮೀನುಗಾರಿಕಾ ಮಹಾವಿದ್ಯಾಲಯ, ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರ, ಪುತ್ತೂರಿನ ಗೇರು ಸಂಶೋಧನಾ ಕೇಂದ್ರ ಎಲ್ಲವೂ ಕೈಗೆಟುಕುವ ದೂರದಲ್ಲಿವೆ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ, ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಮಿತ್ರ ಶಾಲೆ ಪ್ರಶಸ್ತಿ, ಶಾಲೆಗಳ ಇಕೋ ಕ್ಲಬ್ ಇವು ಈಗಾಗಲೇ ಇರುವ ವ್ಯವಸ್ಥೆಗಳು. ಪ್ರಶಸ್ತಿಯ ಮಾನದಂಡದಲ್ಲಿ ‘ಎಷ್ಟು ಸಸಿ ನೆಟ್ಟಿರಿ’ ಎಂಬುದರ ಪಕ್ಕದಲ್ಲಿ ‘ಆವರಣದಲ್ಲಿ ಯಾವ ಜೀವಿಗಳನ್ನು ಗುರುತಿಸಿ ದಾಖಲಿಸಿದ್ದೀರಿ’ ಎಂಬ ಸಾಲು ಸೇರುವಂತೆ ಮಾಡುವುದೂ ನೀತಿಯ ಕೆಲಸವೇ.

ಸಮಯ

ನೀತಿಯ ಬಾಗಿಲು ಸದಾ ತೆರೆದಿರುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಶಾಲಾ ಶಿಕ್ಷಣದ ಹೊಸ ಚೌಕಟ್ಟು ಬಂದದ್ದು 2023ರಲ್ಲಿ. ರಾಜ್ಯವು ತನ್ನದೇ ಶಿಕ್ಷಣ ನೀತಿಗಾಗಿ ಪ್ರೊ. ಸುಖದೇವ್ ಥೋರಟ್ ನೇತೃತ್ವದ ಆಯೋಗವನ್ನು 2023ರ ಅಕ್ಟೋಬರ್‌ನಲ್ಲಿ ರಚಿಸಿತು, ಅದು 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಇಂಥ ಸಮಿತಿಯೊಂದು ರಚನೆಯಾದ ಸುದ್ದಿ ಬಂದ ವಾರದಲ್ಲೇ ಸಲ್ಲಿಸಲು ಎರಡು ಪುಟದ ನಿಲುವೂ ಅದರ ಆಧಾರಗಳೂ ಕಪಾಟಿನಲ್ಲಿ ಸಿದ್ಧವಾಗಿರಬೇಕು. ಸಮಿತಿ ರಚನೆಯಾದ ಮೇಲೆ ಉಪಸಮಿತಿ ಮಾಡಿ ಚರ್ಚೆ ಆರಂಭಿಸುವ ಸಂಘಕ್ಕೆ ಅವಕಾಶ ತಪ್ಪಿತೆಂದೇ ತಿಳಿಯಬೇಕು.

2022ರಲ್ಲಿ ಎನ್‌ಸಿಇಆರ್‌ಟಿ ಹೊರೆ ತಗ್ಗಿಸುವ ಹೆಸರಿನಲ್ಲಿ ಪಾಠಗಳನ್ನು ಕಡಿತಗೊಳಿಸಿದಾಗ ಹನ್ನೆರಡನೆಯ ತರಗತಿಯ ಜೀವವಿಜ್ಞಾನದಿಂದ ಪರಿಸರ ಸಮಸ್ಯೆಗಳ ಅಧ್ಯಾಯ ಇಡಿಯಾಗಿ ಹೋಯಿತು, ಪರಿಸರ ವ್ಯವಸ್ಥೆಯ ಅಧ್ಯಾಯದಿಂದ ಅನುಕ್ರಮಣ (ಒಂದು ನೆಲದ ಜೀವಸಮುದಾಯ ಕಾಲಕ್ರಮದಲ್ಲಿ ಬದಲಾಗುವ ಬಗೆ) ಮತ್ತು ಪೋಷಕಾಂಶಗಳ ಚಕ್ರ ಹೋದವು, ಹತ್ತನೆಯ ತರಗತಿಯ ನೈಸರ್ಗಿಕ ಸಂಪನ್ಮೂಲಗಳ ನಿರ್ವಹಣೆಯ ಅಧ್ಯಾಯವೂ ಹೋಯಿತು. ಮರುವರ್ಷ ಗದ್ದಲವೆದ್ದಾಗ ಹೆಚ್ಚು ಸದ್ದು ಮಾಡಿದ್ದು ಜೀವವಿಕಾಸದ ಪಾಠ. ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿಯ ಬಹಿರಂಗ ಪತ್ರಕ್ಕೆ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಸಹಿ ಹಾಕಿದರು. ಅಷ್ಟರಲ್ಲಿ ಪುಸ್ತಕ ಅಚ್ಚಾಗಿತ್ತು. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಡಾರ್ವಿನ್ನನ ಸಿದ್ಧಾಂತವನ್ನು ಪಠ್ಯದಿಂದ ತೆಗೆಯಬೇಕೆಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೆಲವೇ ದಿನಗಳಲ್ಲಿ ಜಂಟಿಯಾಗಿ ಚಿಕ್ಕ ಹೇಳಿಕೆ ಕೊಟ್ಟಿದ್ದವು. ಬೇಗ, ಚಿಕ್ಕದಾಗಿ, ವ್ಯಕ್ತಿಯನ್ನು ಹಳಿಯದೆ ವಿಷಯಕ್ಕಷ್ಟೇ ನಿಂತ ಆ ಧಾಟಿ ನಮ್ಮಂಥ ಸಣ್ಣ ಸಂಘಕ್ಕೂ ಒಗ್ಗುತ್ತದೆ.

ನಡವಳಿಕೆಯ ಕೆಲವು ಸಂಗತಿಗಳು

ಸಂಘದಲ್ಲಿರುವ ಸರ್ಕಾರಿ ಶಿಕ್ಷಕರು 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳಿಗೆ ಒಳಪಟ್ಟವರು. ಸರ್ಕಾರದ ನೀತಿಯನ್ನು ಟೀಕಿಸುವ ಮನವಿಗೆ ಅವರ ಸಹಿ ಹಾಕಿಸುವುದು ಅವರನ್ನು ಅಪಾಯಕ್ಕೆ ದೂಡಿದಂತೆ. ಅವರ ಅನುಭವ ವರದಿಯೊಳಗಿರಲಿ, ಹೆಸರು ಮೇಲೆ ಬೇಡ. ಇನ್ನು ಈ ಕರಾವಳಿಯಲ್ಲಿ ಬಂದರು, ತೈಲ ಸಂಸ್ಕರಣೆ, ವಿದ್ಯುತ್ ಸ್ಥಾವರಗಳಿವೆ. ಅವುಗಳಲ್ಲಿ ಉದ್ಯೋಗದಲ್ಲಿರುವ ಸದಸ್ಯರೋ ಅವುಗಳಿಂದ ಬಂದ ಸಿಎಸ್ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ಹಣವೋ ಇದ್ದರೆ ಅದನ್ನು ಮನವಿಯ ಕೊನೆಯಲ್ಲಿ ನಾವೇ ಬರೆದುಬಿಡಬೇಕು, ಬೇರೆಯವರು ಕೆದಕಿ ತೆಗೆಯುವವರೆಗೆ ಕಾಯಬಾರದು.

ರಾಜಕೀಯದಿಂದ ದೂರವಿರುವುದೆಂದರೆ ಜನಪ್ರತಿನಿಧಿಗಳಿಂದ ದೂರವಿರುವುದೆಂದು ಅರ್ಥವಲ್ಲ. ನಮ್ಮ ಎರಡೂ ಜಿಲ್ಲೆಗಳು ವಿಧಾನ ಪರಿಷತ್ತಿನ ನೈಋತ್ಯ ಶಿಕ್ಷಕರ ಕ್ಷೇತ್ರಕ್ಕೆ ಸೇರಿವೆ. ಶಿಕ್ಷಕರೇ ಆರಿಸಿ ಕಳಿಸುವ ಆ ಸದಸ್ಯರ ಮೂಲಕ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಕೇಳಿಸಿದರೆ ಇಲಾಖೆ ಸದನದಲ್ಲಿ ಉತ್ತರಿಸಲೇಬೇಕಾಗುತ್ತದೆ. ಪ್ರಶ್ನೆಯ ಕರಡನ್ನು ಸಂಘವೇ ಬರೆದುಕೊಡಬೇಕು, ಮತ್ತು ಅದೇ ಟಿಪ್ಪಣಿಯನ್ನು ಬೇರೆ ಪಕ್ಷದವರಿಗೂ ಕಳುಹಿಸಬೇಕು. 2022ರಲ್ಲಿ ರಾಜ್ಯದ ಪಠ್ಯಪುಸ್ತಕ ಪರಿಷ್ಕರಣೆಯ ಸುತ್ತ ಎದ್ದ ವಿವಾದ ಬಹುಮಟ್ಟಿಗೆ ಭಾಷೆ ಮತ್ತು ಸಮಾಜ ವಿಜ್ಞಾನದ ಪುಸ್ತಕಗಳದ್ದು. ಪರಿಸರ ವಿಜ್ಞಾನ ಆ ಜಗಳದೊಳಗೆ ಸಿಕ್ಕಿಕೊಂಡರೆ ಯಾವ ಪಕ್ಷ ಗೆದ್ದರೂ ಪಾಠ ಸೋಲುತ್ತದೆ.

ಇಲಾಖೆಯ ಒಪ್ಪಿಗೆಯೊಂದನ್ನೇ ನೆಚ್ಚಿದ ಕೆಲಸ ಎಷ್ಟು ಬಾಳೀತು ಎಂಬುದಕ್ಕೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮವನ್ನು ನೋಡಬೇಕು. 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾಗಿ ಮೂರು ದಶಕ ನಡೆದ, ದೇಶವೇ ಮೆಚ್ಚಿದ ಆ ಪ್ರಯೋಗವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ನಮ್ಮ ನೆರೆಯ ಕೇರಳದಲ್ಲಿ 1962ರಲ್ಲಿ ಹುಟ್ಟಿದ ಜನವಿಜ್ಞಾನ ಸಂಘಟನೆಯಾದ ಶಾಸ್ತ್ರ ಸಾಹಿತ್ಯ ಪರಿಷತ್ತು ಊರೂರಿನ ಸದಸ್ಯಬಲದ ಮೇಲೆ ನಿಂತದ್ದರಿಂದ ಸರ್ಕಾರಗಳು ಬದಲಾದರೂ ಅದರ ಮಾತಿಗೆ ತೂಕ ಉಳಿಯಿತು. ಅಂಥ ಸದಸ್ಯಬಲ ನಮ್ಮ ಸಂಘಗಳಿಗಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಪೋಷಕರನ್ನು ಒಳಗೊಳ್ಳುವುದು ಅದಕ್ಕೆ ಹತ್ತಿರದ ಪರ್ಯಾಯ. ಹಳ್ಳಿಯ ಎಸ್‌ಡಿಎಂಸಿಯಲ್ಲಿರುವ ಕೃಷಿಕರೋ ಮೀನುಗಾರರೋ ಬೈಲುಗದ್ದೆಯ ಪಾಠವನ್ನು ತಾವೇ ಬಂದು ಹೇಳಿಕೊಡಲು ಒಪ್ಪಿದರೆ, ಆ ಪಾಠವನ್ನು ನಿಲ್ಲಿಸುವ ಸುತ್ತೋಲೆ ಹೊರಡಿಸುವುದು ಯಾರಿಗೂ ಸುಲಭವಲ್ಲ.

ಮನವಿಗೆ ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಬಂದಾಗ ಕಡತದ ಸಂಖ್ಯೆಯನ್ನೂ ಅದು ಯಾವ ಶಾಖೆಯಲ್ಲಿದೆ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು. ಸುತ್ತೋಲೆ ಹೊರಟರೆ, ಮುಂದಿನ ಜೂನ್‌ನಲ್ಲಿ ಐದಾರು ಶಾಲೆಗಳಿಗೆ ಹೋಗಿ ಅದು ಮುಖ್ಯೋಪಾಧ್ಯಾಯರ ಕೋಣೆಯಿಂದ ತರಗತಿಗೆ ತಲುಪಿದೆಯೇ ಎಂದು ನೋಡಬೇಕು; ತಲುಪಿಲ್ಲವಾದರೆ ಅದನ್ನು ಪತ್ರಿಕೆಗೆ ಹೇಳುವ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ತಿಳಿಸಬೇಕು. ಅಧಿಕಾರಿಗಳು ವರ್ಗವಾಗುತ್ತಾರೆ, ಸಂಘದ ಪದಾಧಿಕಾರಿಗಳೂ ಬದಲಾಗುತ್ತಾರೆ. ಆದ್ದರಿಂದ ನಿಲುವಿನ ಪ್ರತಿ, ಪ್ರಶ್ನೆಪತ್ರಿಕೆಗಳ ವಿಂಗಡಣೆ, ಅನುಮತಿ ಪತ್ರಗಳು, ಕಡತ ಸಂಖ್ಯೆಗಳು ಎಲ್ಲವೂ ಕಾರ್ಯದರ್ಶಿಯ ಮನೆಯಲ್ಲಿರದೆ ಸಂಘದ ಕಚೇರಿಯಲ್ಲಿ ಒಂದೇ ಕಡತದಲ್ಲಿರಬೇಕು, ಮತ್ತು ವಾರ್ಷಿಕ ಮಹಾಸಭೆಯ ದಿನ ಹೊಸ ಕಾರ್ಯದರ್ಶಿಯು ಅದನ್ನು ಪುಟ ಎಣಿಸಿ, ಸಹಿ ಹಾಕಿ ವಹಿಸಿಕೊಳ್ಳಬೇಕು.